ಅವನ ಪಾಲಿನ ಮೂರು ಸೂಜಿ

ಹೋದ ವಾರ ನಮ್ಮ ಬೀದಿ ತುದಿಯ ಕ್ಲಿನಿಕ್ಕಿಗೆ ಹೋಗಿದ್ದೆ. ರಕ್ತ ತೆಗೆಯುವ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ಬಲತೋಳಿಗೆ ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ತಾನೇ ತಾನಾಗಿ ಹೊಟ್ಟೆಯನ್ನು ಮುಚ್ಚಿಕೊಂಡಿತು. "ಹೊಟ್ಟೆ ನೋವಾ ತಾತ?" ಎಂದು ಕೇಳಿದಳು. ಇಲ್ಲ ಎಂದೆ. ಅರವತ್ತು ವರ್ಷಗಳ ಮೇಲಾಯಿತು, ಈಗಲೂ ಆ ವಾಸನೆಗೆ ನನ್ನ ಹೊಕ್ಕುಳ ಸುತ್ತಲಿನ ಚರ್ಮ ಬಿಗಿದುಕೊಳ್ಳುತ್ತದೆ. ಅದರ ಹಿಂದೆಯೇ ಎದುರುಮನೆಯವನು ನೆನಪಿಗೆ ಬರುತ್ತಾನೆ. ಬಂದವನು ಬೇಗ ಹೋಗುವುದಿಲ್ಲ...

ಅಗ್ರಹಾರದ ನಮ್ಮ ಬೀದಿ ಎಷ್ಟು ಕಿರಿದೆಂದರೆ, ನಮ್ಮ ಜಗಲಿಯ ಮೇಲೆ ಕೂತು ಸೀನಿದರೆ ಎದುರುಮನೆಯ ಒಳಗಿನಿಂದ "ಚಿರಂಜೀವಿ" ಎನ್ನುವುದು ಕೇಳಿಸುತ್ತಿತ್ತು. ಅವನ ಅಪ್ಪ ನರಸೀಪುರದ ಕಡೆಯ ಬೇಸಾಯದ ಮನೆಯವರು. ನೇಗಿಲು ಬಿಟ್ಟು ಪಟ್ಟಣಕ್ಕೆ ಬಂದು ಮಾರ್ಕೆಟ್ಟಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದರು. ಅವನೂ ನಾನೂ ಒಂದೇ ತಿಂಗಳಲ್ಲಿ ಹುಟ್ಟಿದವರು. ಮೂರನೆಯವನು ಮೂಲೆಮನೆಯವನು, ನಮಗಿಂತ ಆರು ತಿಂಗಳಿಗೆ ದೊಡ್ಡವನು, ಮಾತಿನಲ್ಲಿ ಆರು ವರ್ಷಕ್ಕೆ ದೊಡ್ಡವನು. ಸ್ವಾತಂತ್ರ್ಯ ಬಂದ ವರ್ಷ ನಾವು ಮೂವರೂ ಹೈಸ್ಕೂಲಿನಲ್ಲಿದ್ದೆವು. ಬೀದಿಯಲ್ಲಿ ದಿನಾ ಮೆರವಣಿಗೆ. ಮೂವರಲ್ಲಿ ಇಬ್ಬರು ಮೆರವಣಿಗೆಗೆ ಹೋದರೆ ಒಬ್ಬನು ಕ್ಲಾಸಿನಲ್ಲಿ ಕೂತು ಮೂರು ಬಗೆಯ ಗಂಟಲಿನಲ್ಲಿ "ಹಾಜರ್ ಸಾರ್" ಎನ್ನುತ್ತಿದ್ದ. ಕ್ಲಾಸಿನಲ್ಲಿ ಉಳಿಯುತ್ತಿದ್ದವನು ಹೆಚ್ಚಾಗಿ ನಾನೇ. ನಾನು ಹುಟ್ಟು ಪುಕ್ಕಲ. ಪೊಲೀಸಿನವರ ಲಾಠಿಯಿರಲಿ, ನಮ್ಮ ಮನೆಯ ಹಲ್ಲಿ ಲೊಚಗುಟ್ಟಿದರೂ ನನ್ನ ಎದೆ ಝಲ್ಲೆನ್ನುತ್ತಿತ್ತು. ಎದುರುಮನೆಯವನಿಗೆ ಮಾತ್ರ ಯಾವುದರ ಭಯವೂ ಇರಲಿಲ್ಲ. ನನ್ನ ಪಾಲಿನ ಧೈರ್ಯವನ್ನೂ ಅವನೇ ಇಟ್ಟುಕೊಂಡಿದ್ದಾನೆ ಎಂದು ನನ್ನ ತಾಯಿ ಹಂಗಿಸುತ್ತಿದ್ದಳು.

ನಾನು ಹೇಳಹೊರಟಿರುವ ಆ ಭಾನುವಾರದ ಹೊತ್ತಿಗೆ ನಮಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ನಾನು ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಮಾಡುವ ಕೆಲಸ. ಎದುರುಮನೆಯವನ ಅಪ್ಪ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿ ಅವನ ಕೈಗೆ ಬಂದಿತ್ತು. ಶಿವರಾತ್ರಿ ಕಳೆದು ವಾರವಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ನಾವಿಬ್ಬರೂ ನಮ್ಮ ಜಗಲಿಯ ಕೆಳಗೆ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆವು. ಬೀದಿಯ ಕಂದು ನಾಯಿ ಮೂಲೆಯಿಂದ ಬಂತು. ಯಾರ ನಾಯಿಯೂ ಅಲ್ಲ, ಎಲ್ಲರ ಮನೆಯ ಅನ್ನವನ್ನೂ ತಿಂದು ಬೆಳೆದದ್ದು. ಅಂದು ತಲೆ ಬಗ್ಗಿಸಿಕೊಂಡು, ಜೊಲ್ಲು ಸುರಿಸಿಕೊಂಡು, ಗೋಡೆ ಸವರಿಕೊಂಡು ನಡೆಯುತ್ತಿತ್ತು. ಯಾರೋ ಕೂಗಿದರು. ನಾನು ಒಂದೇ ನೆಗೆತಕ್ಕೆ ಜಗಲಿ ಹತ್ತಿದೆ. ಅವನು ಕೆಳಗೇ ಇದ್ದ. ನಾನು ಕೈ ಕೊಟ್ಟಿದ್ದರೆ ಅವನೂ ಹತ್ತಿಬಿಡುತ್ತಿದ್ದ. ನನ್ನ ಎರಡು ಕೈಯೂ ಕಂಬವನ್ನು ತಬ್ಬಿಕೊಂಡಿದ್ದವು. ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿ, ಬಿಟ್ಟು, ಏನೂ ಆಗದ ಹಾಗೆ ಮುಂದೆ ಹೋಯಿತು. ಮತ್ತೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಗಾಯಕ್ಕೆ ಒಬ್ಬರು ಸುಣ್ಣ ಎಂದರು, ಇನ್ನೊಬ್ಬರು ಮೆಣಸಿನ ಪುಡಿ ಎಂದರು. ನನ್ನ ತಾಯಿ ಎಲ್ಲರನ್ನೂ ಬೈದು ಸೋಪು ಹಾಕಿ ತೊಳೆದು, "ಮೊದ್ಲು ಆಸ್ಪತ್ರೆಗೆ ಕರ್ಕೊಂಡ್ ಹೋಗ್ರೋ" ಎಂದು ಅಟ್ಟಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಟ್ಟರು. ದಿನಕ್ಕೊಂದರಂತೆ ಹೊಟ್ಟೆಗೆ ಹದಿನಾಲ್ಕು ಸೂಜಿ. ಪ್ರತಿ ದಿನ ಚೀಟಿಯ ಮೇಲೆ ಒಂದು ಗುರುತು. "ಒಂದು ದಿನ ತಪ್ಪಿದ್ರೂ ಮತ್ತೆ ಮೊದ್ಲಿಂದ ಹದಿನಾಲ್ಕು, ಗೊತ್ತಾಯ್ತಾ?" ಎಂದು ಕಾಂಪೌಂಡರು ಮೊದಲೇ ಗದರಿದರು. ಹೊಕ್ಕುಳ ಪಕ್ಕದ ಚರ್ಮವನ್ನು ಹಿಡಿದೆತ್ತಿ ಆ ಉದ್ದದ ಸೂಜಿ ಇಳಿಸುವುದನ್ನು ನಾನು ಮೊದಲ ದಿನವೇ ನೋಡಿದೆ. ಎರಡನೆಯ ದಿನದಿಂದ ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೊರಗೆ ಬರುತ್ತಿದ್ದ.

ಐದು ದಿನ ಹೀಗೆ ನಡೆಯಿತು. ಆರನೆಯ ದಿನ ಅವನು ತಂಗಿಯ ಮದುವೆಗೆ ಹೊರಡಬೇಕು, ಅದೂ ಗಂಡಿನ ಊರಿಗೆ. ಹೋಗಿ ಬರಲು ಮೂರು ದಿನ ಬೇಕು. ಅಪ್ಪ ಇಲ್ಲದ ಮನೆ, ಮುಂದೆ ನಿಂತು ಎಲ್ಲವನ್ನೂ ಮಾಡಬೇಕಾದವನು ಅವನೊಬ್ಬನೇ. ಹೋಗದಿದ್ದರೆ ಏಕೆಂದು ಕೇಳುತ್ತಾರೆ. ಹುಚ್ಚುನಾಯಿ ಕಚ್ಚಿದೆ ಎಂದರೆ ಚಪ್ಪರದ ಕೆಳಗೇ ಮದುವೆ ಮುರಿದು ಬೀಳುತ್ತದೆ. ಹೋದರೆ ಚೀಟಿ ಕೆಡುತ್ತದೆ, ಮತ್ತೆ ಮೊದಲಿನಿಂದ ಹದಿನಾಲ್ಕು. ಉರಿಯುತ್ತಿದ್ದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಇನ್ನೂ ಹದಿನಾಲ್ಕು ನನ್ ಕೈಲಾಗಲ್ಲ ಕಣ್ರೋ" ಎಂದ. ಯಾವುದಕ್ಕೂ ಹೆದರದವನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಉಪಾಯ ಹೇಳಿದವನು ಮೂಲೆಮನೆಯವನು. "ಅದಕ್ಯಾಕಷ್ಟು ತಲೆ ಕೆಡಿಸ್ಕೊಂತೀರ? ಸ್ಕೂಲಲ್ಲಿ ಹಾಜರಿ ಹೇಳ್ಲಿಲ್ವಾ ನಾವು? ಇವನ್ ಹೆಸರು ಕೂಗ್ದಾಗ ನೀನು ಹೋಗಿ ಹಾಕಿಸ್ಕೊಂಡ್ ಬಾರೋ. ಚೀಟಿ ಕಟ್ಟಾಗ್ಬಾರ್ದು, ಅಷ್ಟೇ ತಾನೆ?"

ಅಷ್ಟೇ ತಾನೆ ಎಂದು ನನಗೂ ಅನ್ನಿಸಿತು. ಈಗ ಯಾರಿಗಾದರೂ ಹೇಳಿದರೆ ನಗುತ್ತಾರೆ. ಓದು ಬರಹ ಬಲ್ಲ ಮೂವರು ಗಂಡಸರು, ಸೂಜಿಯನ್ನು ಮರೆತು ಚೀಟಿಯನ್ನೇ ಔಷಧಿ ಎಂದುಕೊಂಡೆವು. ಮೂರು ದಿನದ ಸೂಜಿ ತಪ್ಪಿದರೆ ಮೈಗೆ ಏನಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ನನಗಂತೂ ಬೇರೆ ಲೆಕ್ಕವೂ ಇತ್ತು. ಕಂಬ ತಬ್ಬಿಕೊಂಡಿದ್ದ ಈ ಕೈಗಳು ಏನಾದರೂ ಮಾಡಲೇಬೇಕಿತ್ತು.

ನನ್ನ ಹೊಟ್ಟೆಯ ಮೇಲೆ ಹಳೆಯ ಐದು ಚುಚ್ಚಿದ ಗುರುತು ಇರಲಿಲ್ಲವಲ್ಲ, ಅದಕ್ಕೂ ಮೂಲೆಮನೆಯವನೇ ದಾರಿ ಹುಡುಕಿದ. ಊತಕ್ಕೆ ಹಚ್ಚುವ ಹಾಗೆ ಅರಿಶಿನ ಸುಣ್ಣ ಕಲಸಿ ಹೊಕ್ಕುಳ ಸುತ್ತ ಕೆಂಪಗೆ ಮೆತ್ತಿದ. ಎದುರುಮನೆಯವನ ಹೆಸರು ಕೂಗಿದಾಗ "ಹಾಜರ್" ಎಂದೇ ಬಾಯಿಗೆ ಬಂತು. ಕಾಂಪೌಂಡರು ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು. "ಮನೆ ಮದ್ದು ಹಚ್ಬೇಡಿ ಅಂದ್ರೆ ಕೇಳಲ್ಲ ನೀವು" ಎಂದು ಬೈದು, ಒಂದು ಪಕ್ಕ ಸ್ಪಿರಿಟ್ಟಿನಿಂದ ಒರೆಸಿದರು. ಆಮೇಲಿನದನ್ನು ಬರೆಯುವುದಿಲ್ಲ. ಮೂರು ದಿನವೂ ಹೊರಗಿನ ಬೇವಿನ ಮರ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು ಪ್ರೆಸ್ಸಿಗೆ ಹೋದೆ. ನಾಲ್ಕನೆಯ ದಿನ ಅವನು ಮದುವೆಯ ಬಾದುಷ ಕಟ್ಟಿಕೊಂಡು ಬಂದು, ಉಳಿದ ಆರು ಸೂಜಿಯನ್ನು ತಾನೇ ಹಾಕಿಸಿಕೊಂಡ. ಚೀಟಿಯಲ್ಲಿ ಹದಿನಾಲ್ಕು ಗುರುತು ಸಾಲಾಗಿ ಕೂತಿದ್ದವು. ಮೂವರೂ ಹೋಟೆಲಿಗೆ ಹೋಗಿ ದೋಸೆ ತಿಂದೆವು.

ಯುಗಾದಿ ಆಗಿ ನಾಲ್ಕೈದು ದಿನವಾಗಿತ್ತು. ನಮ್ಮ ಬೀದಿಗೆ ಹಾಲು ಹಾಕುತ್ತಿದ್ದ ಅಜ್ಜಿಯ ಹಸು ಬೆಳಗ್ಗೆ ಎದ್ದದ್ದೇ ಕೂಗಲು ಶುರುಮಾಡಿತು. ಹಸು ಕೂಗುವ ಕೂಗಲ್ಲ ಅದು, ಒಡೆದ ಕಹಳೆ ಊದಿದ ಹಾಗೆ. ಬಾಯಲ್ಲಿ ನೊರೆ. ಅಜ್ಜಿ ಬಕೆಟ್ಟಿನಲ್ಲಿ ನೀರಿಟ್ಟರೆ ಮೂತಿ ತಂದು, ಗಂಟಲು ಅದುರಿಸಿ, ಬಕೆಟ್ಟನ್ನೇ ಗುದ್ದಿ ಬೀಳಿಸಿತು. ಗೋಡೆಗೆ ಹಾಯ್ದು ಕೊಂಬು ಮುರಿದುಕೊಂಡಿತು. ಮೂರನೆಯ ದಿನ ಸತ್ತುಹೋಯಿತು. ಆಗ ಯಾರೋ ಅಂದರು, ಅವತ್ತು ಆ ಕಂದು ನಾಯಿ ಹಸುವಿನ ಕಾಲಿಗೂ ಬಾಯಿ ಹಾಕಿತ್ತಂತೆ. ಬೀದಿಯವರೆಲ್ಲ ತಾವು ಕುಡಿದ ಹಾಲನ್ನು ನೆನೆದು ನಡುಗಿದರು. ಕಾಯಿಸಿಯೇ ಕುಡಿದಿದ್ದೇವೆ ಎಂದು ಸಮಾಧಾನ ಮಾಡಿಕೊಂಡರು. ನನಗೆ ಹಾಲು ನೆನಪಾಗಲಿಲ್ಲ. ನನ್ನ ಹೊಟ್ಟೆಯೊಳಗೆ ಕರಗಿ ಹೋದ ಆ ಮೂರು ಸೂಜಿ ನೆನಪಾದವು.

ಯಾರಿಗೂ ಹೇಳದೆ ಆಸ್ಪತ್ರೆಗೆ ಓಡಿದೆ. ಕಾಂಪೌಂಡರನ್ನು ದಾಟಿ ಡಾಕ್ಟರ ಕೋಣೆಗೇ ನುಗ್ಗಿ ಎಲ್ಲವನ್ನೂ ಒಪ್ಪಿಕೊಂಡೆ. ವಯಸ್ಸಾದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ರೀ, ನೀವು ಊಟ ಮಾಡಿದ್ರೆ ಅವರ ಹೊಟ್ಟೆ ತುಂಬುತ್ತೇನ್ರೀ?"

ನಾನು ತಲೆ ತಗ್ಗಿಸಿ ನಿಂತೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಅವನನ್ನು ನಾಳೆಯೇ ಕಳಿಸಿ, ಬಿಟ್ಟುಹೋದ ಮೂರನ್ನು ಹಾಕೋಣ ಎಂದರು. ಇಷ್ಟು ತಡವಾಗಿ ಹಾಕಿದ್ದು ಕೆಲಸ ಮಾಡುತ್ತದೋ ಇಲ್ಲವೋ ತಮಗೆ ಗೊತ್ತಿಲ್ಲ, ಮೂರು ತಿಂಗಳು ಕಾಯಬೇಕು ಎಂದರು. ಬಾಗಿಲ ತನಕ ಬಂದು ಮೆಲ್ಲಗೆ ಇನ್ನೊಂದು ಮಾತು ಹೇಳಿದರು. "ನೀರು ಕುಡಿಯೋವಾಗ ಗಮನ ಇಟ್ಟಿರಿ. ನೀರು ಇಳೀಲಿಲ್ಲ ಅಂದ್ರೆ ತಕ್ಷಣ ಕರ್ಕೊಂಡ್ ಬನ್ನಿ." ಕರೆತಂದರೆ ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ. ಅವರ ಮುಖದಲ್ಲೇ ಉತ್ತರವಿತ್ತು.

ಡಾಕ್ಟರು ಇನ್ನೂ ಮೂರು ಸೂಜಿ ಹಾಕಿಸಿಕೋ ಎಂದಿದ್ದಾರೆ ಎಂದಷ್ಟೇ ಅವನಿಗೆ ಹೇಳಿದೆ. ನೀರಿನ ಮಾತು ನುಂಗಿಕೊಂಡೆ. ಅವನು ಮೂರು ದಿನ ಒಬ್ಬನೇ ಹೋಗಿ ಬಂದ, ನಾನು ಜೊತೆಗೆ ಬರುತ್ತೇನೆಂದರೂ ಬೇಡ ಎಂದ. ಹುಟ್ಟಿದಾಗಿನಿಂದ ನಾನು ಅವನಿಂದ ಮುಚ್ಚಿಟ್ಟ ಮೊದಲ ಮಾತು ಆ ನೀರಿನದು. ನನ್ನ ಎದೆಯ ಮೇಲೆ ಒನಕೆ ಇಟ್ಟ ಹಾಗಿತ್ತು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ... ಪ್ರೆಸ್ಸಿನಲ್ಲಿ ನನ್ನ ಕೈ ತಪ್ಪು ಮೊಳೆಗಳನ್ನು ಎತ್ತುತ್ತಿತ್ತು. ಅವನು ಎಲ್ಲಿ ನೀರು ಕುಡಿದರೂ ಅಲ್ಲಿ ನಾನಿರಬೇಕು. ಅಂಗಡಿಗೆ ಹೋಗಿ ಸುಮ್ಮನೆ ಕೂರುವುದು, ಹೂಜಿಯಿಂದ ಬಗ್ಗಿಸಿ ಲೋಟ ಅವನ ಕೈಗೆ ಕೊಡುವುದು, ಗಂಟಲಮಣಿ ಮೇಲೆ ಕೆಳಗೆ ಆಡುವುದನ್ನು ನೋಡುವುದು. ಒಂದು ಸಾರಿ ಕೆಮ್ಮಿದರೆ ಇನ್ನೊಂದು ಗುಟುಕು ಕುಡಿಸಿ ನೋಡುತ್ತಿದ್ದೆ. ಅವನೂ ಮೊದಲಿನ ಹಾಗಿರಲಿಲ್ಲ. ನಾನು ಮಾತಾಡುವಾಗ ಅವನ ಕಣ್ಣು ನನ್ನ ಮುಖ ಬಿಟ್ಟು ಕೆಳಗೆಲ್ಲೋ ಹೋಗುತ್ತಿತ್ತು. ಕಾಯಿಲೆ ತಲೆಗೆ ಹತ್ತುತ್ತಿದೆ ಎಂದು ನಾನು ಇನ್ನಷ್ಟು ಹೆದರಿದೆ. ಇದರ ಜೊತೆಗೆ ಹಾಲಿನ ಅಜ್ಜಿಯ ಮಾತು ಬೇರೆ. "ಮೊದಲ ಗುಡುಗು ಬರ್ಲಿ ತಡ್ಕಳಪ್ಪ. ನಾಯಿ ವಿಸ ಮೈಯಾಗೆ ಮಲಗಿರ್ತದೆ. ಗುಡುಗು ಕೇಳುದ್ರೆ ಎದ್ಬುಡ್ತದೆ." ಹಸು ಕಳೆದುಕೊಂಡ ದುಃಖಕ್ಕೆ ಆಕೆ ಅದನ್ನು ಎಲ್ಲರಿಗೂ ಹೇಳುತ್ತಿದ್ದಳು. ಓದಿದವನು ನಾನು, ಇಂಥದ್ದನ್ನೆಲ್ಲ ನಂಬಬಾರದು ಎಂದುಕೊಂಡೆ. ನಂಬಿದೆ. ದಿನಾ ಸಂಜೆ ಬೆಟ್ಟದ ಕಡೆ ಮೋಡ ಕಟ್ಟುತ್ತದೋ ಎಂದು ನೋಡುತ್ತಿದ್ದೆ.

ಭರಣಿ ಮಳೆಯ ಕಾಲಕ್ಕೆ ಮೋಡ ಬಂತು. ಸಂಜೆ ಐದು ಗಂಟೆ ಇರಬಹುದು. ಮೂವರೂ ನಮ್ಮ ಜಗಲಿಯ ಮೇಲೆ ಕೂತಿದ್ದೆವು. ನಾನು ಬಹಳ ಹೊತ್ತಿನಿಂದ ಕಾಲು ಮಡಿಸಿಕೊಂಡು ಕೂತಿದ್ದೆ. ಎದುರುಮನೆಯವನು ನೀರು ಕೇಳಿದ. ತಾಯಿ ಹಿತ್ತಾಳೆ ಲೋಟದಲ್ಲಿ ತಂದುಕೊಟ್ಟು ಒಳಗೆ ಹೋದಳು. ಅವನು ಲೋಟವನ್ನು ಬಾಯಿಗೆ ತರುತ್ತಿದ್ದ ಹಾಗೆ ಅರಮನೆಯ ಮೇಲಿನ ಆಕಾಶದಲ್ಲಿ ಗುಡುಗು ಉರುಳಿತು.  ಅವನ ಹತ್ತಿರ ಹೋಗಬೇಕೆಂದು ಧಡಕ್ಕನೆ ಎದ್ದೆ. ಮಡಿಸಿದ ಕಾಲು ಜೋಮು ಹಿಡಿದಿತ್ತು. ನೆಲವೇ ಸಿಕ್ಕಲಿಲ್ಲ, ಮಗ್ಗುಲಿಗೆ ಕುಸಿದುಬಿದ್ದೆ. ಬಿದ್ದಲ್ಲಿಂದಲೇ ತಲೆಯೆತ್ತಿ ನೋಡಿದರೆ, ಅವನು ಲೋಟ ಬಿಸಾಡಿದ್ದ. ಮುಖ ಬಿಳಿಚಿಕೊಂಡಿತ್ತು.  ನೀರು ಜಗಲಿಯ ಮೇಲೆಲ್ಲ ಚೆಲ್ಲಿತ್ತು.

ಮುಗಿಯಿತು ಎಂದುಕೊಂಡೆ. ನಾನೇ ಕೊಂದೆ ಎಂದುಕೊಂಡೆ.

"ನೀರು... ನೀರ್ ಯಾಕೋ ಬಿಸಾಕ್ದೆ?" ಎಂದು ಕಿರುಚಿದೆ.

"ನಿನ್ ಕಾಲು! ಕಾಲ್ಗೇನಾಯ್ತೋ?" ಎಂದು ಅವನು ನನಗಿಂತ ಜೋರಾಗಿ ಕಿರುಚಿದ. ಮಂಡಿಯೂರಿ ನನ್ನ ಎರಡು ಕಾಲನ್ನೂ ಹಿಡಿದು ಉಜ್ಜತೊಡಗಿದ. "ಬೆರಳು ಅಲ್ಲಾಡ್ಸೋ. ನಿಂಗೆ ಕೈ ಮುಗೀತೀನಿ, ಅಲ್ಲಾಡ್ಸೋ."

ಮೂಲೆಮನೆಯವನು ನಡುವೆ ನಿಂತು ಇಬ್ಬರನ್ನೂ ಮಿಕಮಿಕ ನೋಡಿದ. "ಏನ್ರೋ ಬಂದಿರೋದು ನಿಮ್ಮಿಬ್ರಿಗೂ?"

ಆಗ ಎಲ್ಲವೂ ಹೊರಗೆ ಬಂತು. ಬಾಕಿ ಸೂಜಿಗೆ ಹೋದಾಗ ಅದೇ ಡಾಕ್ಟರು ಅವನನ್ನು ಕೂರಿಸಿಕೊಂಡು ಚೆನ್ನಾಗಿ ಉಗಿದಿದ್ದರಂತೆ. ಆ ಔಷಧಿ ಸಾಧುವಾದದ್ದಲ್ಲ, ಕೆಲವು ಸಾವಿರ ಜನಕ್ಕೊಬ್ಬರಿಗೆ ಅದರಿಂದಲೇ ಕಾಲು ಸ್ವಾಧೀನ ತಪ್ಪಿ ಬಿದ್ದುಹೋಗುತ್ತದೆ. ಕಚ್ಚಿಸಿಕೊಂಡವನಾದರೆ ವಿಧಿಯಿಲ್ಲ, ಏನೂ ಆಗದವನಿಗೆ ಯಾಕ್ರೀ ಹಾಕಿಸಿದಿರಿ, ನಿಮ್ಮ ಸ್ನೇಹಿತನ ನಡಿಗೆ ಮೇಲೆ ಕಣ್ಣಿಟ್ಟಿರಿ, ಅವನಿಗೆ ಹೇಳಿ ಹೆದರಿಸಬೇಡಿ ಎಂದಿದ್ದರಂತೆ. ನನಗೆ ಅವನ ಗಂಟಲನ್ನು ಕೊಟ್ಟು ಕಳಿಸಿದ್ದ ಡಾಕ್ಟರು ಅವನಿಗೆ ನನ್ನ ಕಾಲನ್ನು ಕೊಟ್ಟು ಕಳಿಸಿದ್ದರು. ಒಂದು ತಿಂಗಳಿನಿಂದ ಅವನು ನೋಡುತ್ತಿದ್ದದ್ದು ನನ್ನ ಕಾಲನ್ನೇ.

ಹೇಳುತ್ತಾ ಹೇಳುತ್ತಾ ಅವನು ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಉಪಾಯ ಹೇಳಿದ್ದ ಮೂಲೆಮನೆಯವನು ತಲೆ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತುಬಿಟ್ಟ. ತಾಯಿ ಒಳಗಿನಿಂದ ಬಂದು, "ಅಯ್ಯೋ, ಲೋಟ ನೆಗ್ಗಿಸ್ಬುಟ್ರಲ್ರೋ" ಎಂದಳು. ಎದುರುಮನೆಯವನು ಕಣ್ಣೊರೆಸಿಕೊಂಡು ಒಳಗೆ ಹೋಗಿ, ಒಂದು ಚೊಂಬು ನೀರು ತಂದು, ನನ್ನ ಮುಂದೆ ನಿಂತು ಗಟಗಟ ಕುಡಿದ. ಅರ್ಧ ನೀರು ಎದೆಯ ಮೇಲೆ ಹರಿಯಿತು. "ನೋಡ್ದಾ? ಇಳೀತು. ಈಗ ನೀನ್ ನಡಿ." ನಾನು ಜೋಮು ಬಿಟ್ಟ ಕಾಲಿನಲ್ಲಿ ಬೀದಿಯ ನಲ್ಲಿಯವರೆಗೆ ಹೋಗಿ ವಾಪಸ್ಸು ಬಂದೆ. ಮಳೆ ಶುರುವಾಗಿತ್ತು. ಅವನು ನೆನೆಯುತ್ತಾ ನನ್ನ ಒಂದೊಂದು ಹೆಜ್ಜೆಯನ್ನೂ ನೋಡುತ್ತಿದ್ದ.

ಮಾರನೆಯ ಬೆಳಗಿನಿಂದ ಅದೇ ಪದ್ಧತಿಯಾಯಿತು. ಅಂಗಡಿ ತೆಗೆಯುವ ಮುಂಚೆ ಅವನು ನಮ್ಮ ಮನೆಗೆ ಬರುವುದು, ಒಂದು ಲೋಟ ನೀರು ಪೂರ್ತಿ ಕುಡಿಯುವುದು, ನಾನು ನಲ್ಲಿಯವರೆಗೆ ನಡೆದು ಬರುವುದು. "ಸರಿ ಇದೆ ಕಣೋ" ಎಂದು ಅವನು ಹೇಳಿದ ಮೇಲೆಯೇ ನಾನು ಪ್ರೆಸ್ಸಿಗೆ ಹೊರಡುವುದು. ಡಾಕ್ಟರು ಹೇಳಿದ್ದ ಮೂರು ತಿಂಗಳು ಮುಗಿಯಿತು. ವರ್ಷ ಮುಗಿಯಿತು. ನಾಯಿ ಕಚ್ಚಿ ಹತ್ತು ವರ್ಷದ ಮೇಲೆ ಸತ್ತವನ ಕಥೆಯನ್ನು ಯಾರೋ ಹೇಳಿದರು, ಹಾಗಾಗಿ ಇನ್ನೂ ಹತ್ತು ವರ್ಷ ನಡೆಯಿತು, ಆಮೇಲೂ ನಿಲ್ಲಿಸುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅಷ್ಟರಲ್ಲಿ ಇಬ್ಬರಿಗೂ ಮದುವೆಯಾಗಿ ಅವನು ಕೃಷ್ಣಮೂರ್ತಿಪುರಂಗೆ ಮನೆ ಬದಲಾಯಿಸಿದ್ದ. ಅಲ್ಲಿಂದಲೂ ಬೆಳಗ್ಗೆ ಸೈಕಲ್ಲಿನಲ್ಲಿ ಬರುತ್ತಿದ್ದ. "ನಮ್ಮನೇಲಿ ನೀರಿಲ್ವೇನ್ರೀ?" ಎಂದು ಅವನ ಹೆಂಡತಿ ನಗುತ್ತಿದ್ದರು. ಏನೋ ಹರಕೆ ಇರಬೇಕು ಎಂದು ನಮ್ಮ ಮಕ್ಕಳು ತಿಳಿದಿದ್ದರು. ನಾವು ತಿದ್ದಲಿಲ್ಲ. ಜನ ನಮ್ಮನ್ನು ನೋಡಿ ಸ್ನೇಹ ಅಂದರೆ ಇದು ಎನ್ನುತ್ತಿದ್ದರು. ಸ್ನೇಹ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಪ್ರತಿ ಬೆಳಗ್ಗೆ ಅವನು ಲೋಟ ಎತ್ತಿದಾಗ ನನ್ನ ಎದೆ ಒಂದು ಕ್ಷಣ ನಿಲ್ಲುತ್ತಿತ್ತು. ಐವತ್ತಾದಾಗಲೂ, ಎಪ್ಪತ್ತಾದಾಗಲೂ. ಹೆದರಿಕೆ ಕಡಿಮೆಯಾಯಿತು ಎಂದರೆ ಸುಳ್ಳಾಗುತ್ತದೆ.

ಮೂಲೆಮನೆಯವನು ನಿವೃತ್ತಿಯ ವರ್ಷವೇ ಹೋದ. ಸಾಯುವ ಒಂದು ವಾರ ಮುಂಚೆ ನಮ್ಮಿಬ್ಬರ ಕೈಯನ್ನೂ ಹಿಡಿದುಕೊಂಡು, "ತಪ್ಪಾಯ್ತು ಕಣ್ರೋ" ಎಂದ. ಯಾವ ತಪ್ಪು ಎಂದು ನಾವು ಕೇಳಲಿಲ್ಲ.

ಎದುರುಮನೆಯವನು ಹೋಗಿ ಎರಡು ವರ್ಷವಾಯಿತು. ಅವತ್ತು ಬೆಳಗ್ಗೆಯೂ ಮಗನ ಸ್ಕೂಟರಿನ ಹಿಂದೆ ಕೂತು ಬಂದ. ನೀರು ಕುಡಿದ. ನಾನು ಬಾಗಿಲಿನಿಂದ ಗೇಟಿನವರೆಗೆ ನಡೆದೆ, ಆ ವಯಸ್ಸಿಗೆ ಅಷ್ಟೇ ದೂರ. ಸರಿ ಇದೆ ಎಂದು ಹೇಳಿ ಹೋದ. ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ ಎಂದು ಅವನ ಮಗ ಫೋನ್ ಮಾಡಿದ. ಹೃದಯಾಘಾತವಂತೆ. ನಾಯಿಯಲ್ಲ, ನೀರಲ್ಲ, ನಾನು ಅರವತ್ತು ವರ್ಷ ಕಾದು ಕೂತಿದ್ದ ಯಾವುದೂ ಅಲ್ಲ. ಅವನ ಮನೆಗೆ ಹೋಗಿ ಮುಖ ನೋಡಿದಾಗ ಮೊದಲು ಬಂದದ್ದು ಅಳುವಲ್ಲ, ಒಂದು ನಿಟ್ಟುಸಿರು. ಅದಕ್ಕೆ ಈಗಲೂ ನನಗೆ ನಾಚಿಕೆಯಿದೆ. ಅಳು ಬಂದದ್ದು ಮಾರನೆಯ ಬೆಳಗ್ಗೆ. ಯಾರಿಗೋಸ್ಕರವೂ ಹೆದರಬೇಕಾಗಿಲ್ಲದ ಬೆಳಗು ನನಗೆ ಅಭ್ಯಾಸವೇ ಇರಲಿಲ್ಲ...

ಕ್ಲಿನಿಕ್ಕಿನಲ್ಲಿ ರಕ್ತ ತೆಗೆದಾದ ಮೇಲೆ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹುಡುಗಿ, ಸಮಾಧಾನದ ಮಾತು. ನನ್ನ ಪಾದಕ್ಕೆ ಪಿನ್ನಿನಿಂದ ಚುಚ್ಚಿ ಚುಚ್ಚಿ ಗೊತ್ತಾಗುತ್ತಾ ಎಂದು ಕೇಳಿದರು. ಕೆಲವು ಕಡೆ ಗೊತ್ತಾಯಿತು, ಹಲವು ಕಡೆ ಆಗಲಿಲ್ಲ. ಸಕ್ಕರೆ ಕಾಯಿಲೆಯಿಂದ ನರ ಸತ್ತಿವೆ ಎಂದರು. ಎದ್ದು ಗೋಡೆಯವರೆಗೆ ನಡೆದು ಬನ್ನಿ ಎಂದರು. ನಡೆದೆ. ಅವರು ಹುಬ್ಬು ಗಂಟಿಕ್ಕಿ ನನ್ನ ಹೆಜ್ಜೆಯನ್ನೇ ನೋಡುತ್ತಿದ್ದರು.

"ಎಡಗಾಲು ಎಳೀತಿದೆಯಲ್ಲ ತಾತ. ಎಷ್ಟು ದಿನದಿಂದ ಹೀಗೆ?"

"ಗೊತ್ತಿಲ್ಲ ಕಣಮ್ಮ" ಎಂದೆ. "ಎರಡು ವರ್ಷದಿಂದ ಯಾರೂ ನೋಡಿಲ್ಲ."